ಬಾಗಿಲಿಗೊಂದು ಚಿಲಕ

ಪೂಜ್ಯ ಪಾದ್ರಿಯವರಿಗೆ ಕಬ್ಬಿಣದಂಗಡಿಯವನ ವಂದನೆಗಳು.

ಭಾನುವಾರ ನಿಮ್ಮ ಪ್ರಸಂಗದ ನಡುವೆ ಚರ್ಚಿನ ಬಾಗಿಲು ಗಾಳಿಗೆ ಬಡಿದುಕೊಂಡಿತೆಂದು ಹೊಸ ಚಿಲಕ ಕೇಳಿದ್ದೀರಿ. ಹಳೆಯದು ಕೆಟ್ಟು ವರ್ಷಗಳಾದವು. ಮೂಟೆ ಹೊರುವ ಆ ಕೊನೆಯ ಬೆಂಚಿನವನು ಇಷ್ಟು ದಿನ ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿದು ಕೂರುತ್ತಿದ್ದ. ಈಗ ಆ ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾನೆ, ಊಟ ಬಿಟ್ಟಿದ್ದಾನೆ. ನಿನ್ನೆ ನೋಡಲು ಹೋಗಿದ್ದೆ.

“ನಾನು ಬರದಿದ್ರೆ ಯಾರಿಗೆ ಗೊತ್ತಾಗತ್ತೆ, ಬಿಡಣ್ಣ” ಎಂದ.

“ದೇವರಿಗೆ ಗೊತ್ತಾಯ್ತು ಕಣೋ. ಬಾಗಿಲು ಬಡಿದು, ಪಾದ್ರಿಗಳ ಬಾಯಿ ಮುಚ್ಚಿಸಿ ಊರಿಗೆಲ್ಲ ಸಾರಿದ” ಎಂದೆ.

ನಕ್ಕ, ಆದರೆ ನಂಬಲಿಲ್ಲ. ನನ್ನದು ವ್ಯಾಪಾರಿಯ ಬಾಯಿ ನೋಡಿ. ನೀವು ಹೋಗಿ ಹೇಳಿದರೆ ನಂಬಿಯಾನು.

ಚಿಲಕ ಸಿದ್ಧವಿದೆ, ದುಡ್ಡು ಬೇಡ. ನೀವು ಅವನನ್ನು ನೋಡಿ ಬಂದ ಮೇಲೆ ಕಳಿಸುತ್ತೇನೆ. ಅಲ್ಲಿಯವರೆಗೆ ಬಾಗಿಲು ಬಡಿಯುತ್ತಲೇ ಇರಲಿ.

ಇತಿ,
ನಿಮ್ಮ ಸಭೆಯ ಮುಂದಿನ ಬೆಂಚಿನವನು