ತಂತಿ ಎಚ್ಚರಾಗುವ ತನಕ

ಕುಂದಗೋಳ
ಬುಧವಾರ, ೧೬ ಜುಲೈ ೨೦೨೫

ಪ್ರೀತಿಯ ಸಂಪದಾ,

ಪದ್ಧತಿಯ ಪ್ರಕಾರ ‘ಚಿ. ಸೌ. ಸಂಪದಾಳಿಗೆ ಅನೇಕ ಆಶೀರ್ವಾದಗಳು’ ಎಂದು ಶುರು ಮಾಡಬೇಕಿತ್ತು. ಬರೆದೂ ಇದ್ದೆ. ಆದರೆ ಆಶೀರ್ವಾದ ಮಾಡಲಿಕ್ಕೆ ಕನಿಷ್ಠ ಒಂದು ಯೋಗ್ಯತೆ ಬೇಕು. ಅದು ಈ ವಾರ ನನ್ನ ಹತ್ತಿರ ಶಿಲ್ಕು ಇಲ್ಲವಾದ್ದರಿಂದ ಆ ಹಾಳೆ ಹರಿದು ಬೇರೆ ತೆಗೆದುಕೊಂಡೆ. ಕಣ್ಣು ಹೇಗಿದೆ? ಹೊತ್ತಿಗೆ ಸರಿಯಾಗಿ ಹನಿ ಬಿಡುತ್ತಿದ್ದಾರೆಯೆ? ಕುತ್ತಿಗೆ ನೋವು ಇಳಿಯಿತೆ? ಕಣ್ಣೊಳಗೆ ಬಿಟ್ಟ ಗಾಳಿಗುಳ್ಳೆ ಕರಗುವವರೆಗೆ ಬೋರಲು ಮಲಗಿರಬೇಕೆಂದು ಡಾಕ್ಟರು ಹೇಳಿದಾಗ ನೀನು ‘ಬೋರಲ ಮಲಗಿ ಟೈಪ್ ಮಾಡಬಹುದಲ್ರಿ?’ ಎಂದು ಕೇಳಿದ್ದು, ಆತ ಪೆನ್ನು ಕೆಳಗಿಟ್ಟು ‘ಇವರು ಯಾವಾಗಲೂ ಹೀಗೇನಾ?’ ಎಂಬಂತೆ ನನ್ನ ಮುಖ ನೋಡಿದ್ದು ನೆನಪಾದಾಗಲೆಲ್ಲ ಒಬ್ಬನೇ ನಗುತ್ತೇನೆ. ಆಮೇಲೆ ಉಳಿದದ್ದು ನೆನಪಾಗಿ ನಗು ನಿಲ್ಲುತ್ತದೆ. ಬಾಜೂ ಮನೆಯ ಮಾಬುಬಿ ದಿನಾ ಕಾಂಪೌಂಡಿನಾಚೆಯಿಂದ ‘ಏನ್ರಿ ಸರ, ಆಷಾಢಕ್ಕ ತವರಿಗೆ ಕಳಿಸೀರಿ? ಹೊಸಾ ಮದವಿ ಏನ್ರಿ ನಿಮ್ದು?’ ಎಂದು ಕಿಚಾಯಿಸುತ್ತಾಳೆ. ಅರ್ಧ ಕೂದಲು ನೆರೆತ ಮದುಮಗನಾಗಿ ನಾನು ಯಥಾಶಕ್ತಿ ನಾಚಿಕೊಳ್ಳುತ್ತೇನೆ.

ಈ ಪತ್ರವನ್ನು ನೀನು ಓದುವಂತಿಲ್ಲ, ಅತ್ತೆಯವರು ಗಟ್ಟಿಯಾಗಿ ಓದಿ ಹೇಳಬೇಕು. ಫೋನಿಗಂತೂ ಅವರು ನಿನ್ನನ್ನು ಕರೆದುಕೊಂಡು ತವರೂರು ಮಿಶ್ರಿಕೋಟಿ ಮುಟ್ಟಿದ ದಿನವೇ ನಿರ್ಬಂಧ ಹಾಕಿದ್ದಾರೆ: ‘ಫೋನ್ ಬಂತಂದ್ರ ಆಕಿ ಎದ್ದ ಕೂಡ್ತಾಳ, ಎದ್ದ ಕೂತ್ರ ಲ್ಯಾಪ್‌ಟಾಪ್ ಕೇಳ್ತಾಳ. ಏನಿದ್ರೂ ಕಾಗದ ಬರೀರಿ ಅಳಿಯಂದ್ರ, ನಾ ಓದ್ತೀನಿ.’ ಸರಸ್ವತೀಬಾಯಿಯವರ ಅಪ್ಪಣೆ ಮೀರಿದವರು ಆ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ನಾನು ಮಾಡಿದ ತಪ್ಪು ನಿನ್ನ ಕಿವಿಗೆ ನನ್ನ ಅತ್ತೆಯ ದನಿಯಲ್ಲಿ ಬೀಳಲಿದೆ. ಇಂಥ ಶಿಕ್ಷೆ ಯಾವ ನ್ಯಾಯಾಧೀಶನಿಗೂ ಹೊಳೆದಿರಲಿಕ್ಕಿಲ್ಲ. ಅತ್ತೆಯವರೇ, ನಿಮ್ಮಲ್ಲಿ ಒಂದೇ ವಿನಂತಿ: ನಡುವೆ ಕನ್ನಡಕ ತೆಗೆದು ನನ್ನನ್ನು ಬೈಯಲು ನಿಲ್ಲಬೇಡಿ. ಎಲ್ಲಿ ನಿಂತರೂ ಮುಂದೆ ಅದಕ್ಕಿಂತ ಹೆಚ್ಚಿನದು ಇದೆ.

ನೀವು ಬೀಗರ ಮುಂದೆಲ್ಲ ‘ನಮ್ಮ ಸಂಪದಾ ಕಂಪ್ಯೂಟರ್ ಎಬ್ಬಸೂ ಕೆಲಸ ಮಾಡ್ತಾಳ, ಪಗಾರಿಲ್ಲ’ ಎಂದು ಹೇಳುತ್ತೀರಲ್ಲ, ಅದು ಅಕ್ಷರಶಃ ನಿಜ. ಹೊಟ್ಟೆಯಲ್ಲಿ ಡಿಸ್ಕಿಲ್ಲದ ಕಂಪ್ಯೂಟರಿಗೆ ಬೆಳಿಗ್ಗೆ ಗುಂಡಿ ಒತ್ತಿದಾಗ ತನ್ನ ಹೆಸರೂ ಗೊತ್ತಿರುವುದಿಲ್ಲ. ಅದು ತಂತಿಯಲ್ಲಿ ‘ಯಾರಾದರೂ ಇದ್ದೀರಾ? ನನ್ನ ವಿಳಾಸ ಹೇಳಿ, ನಾನು ಮಾಡಬೇಕಾದ ಕೆಲಸ ಕಳಿಸಿ’ ಎಂದು ಕೂಗಬೇಕು. ಹಾಗೆ ಕೂಗುವುದನ್ನು ಅದಕ್ಕೆ ಕಲಿಸುವ ಸಣ್ಣ ಪ್ರೋಗ್ರಾಮು ನಿಮ್ಮ ಮಗಳ ಉಸ್ತುವಾರಿಯಲ್ಲಿದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆದರೆ ಕಳಿಸಿದ್ದನ್ನು ಒಳಗೆ ಬಿಡುವುದೋ ಬೇಡವೋ ಎಂದು ಬಾಗಿಲಲ್ಲಿ ಕೂತು ನೋಡುವವರು ಜಗತ್ತಿನಲ್ಲಿ ನಾಲ್ಕೈದು ಜನ, ಅವರಲ್ಲಿ ಈಕೆ ಒಬ್ಬಳು. ಈಕೆಯ ಒಂದು ರೀತಿ ಎಲ್ಲರಿಗೂ ಗೊತ್ತು. ಎಂಥ ದೊಡ್ಡವರು ಕಳಿಸಿದ ತಿದ್ದುಪಡಿಯಾದರೂ ಮೊದಲು ದುಮ್ಮವಾಡದ ಸರಕಾರಿ ಸಾಲಿಯ ಮಕ್ಕಳ ಕಂಪ್ಯೂಟರುಗಳಲ್ಲಿ ಓಡಬೇಕು. ಅಲ್ಲಿ ತಂತಿಗಳೆಲ್ಲ ಬಂದು ಕೂಡುವ ಸ್ವಿಚ್ ಪೆಟ್ಟಿಗೆಯನ್ನು ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ ಹುಡುಕಿ ತಂದವಳೇ ಇವಳು. ಅದು ಎಷ್ಟು ಸಂಶಯದ ಪ್ರಾಣಿಯೆಂದರೆ, ಯಾವ ತಂತಿ ಕದಲಿದರೂ ಅರ್ಧ ನಿಮಿಷ ಆಚೀಚೆ ನೋಡಿ, ಆಮೇಲೆಯೇ ಮಾತನ್ನು ದಾಟಿಸುತ್ತದೆ. ಹೊಸ ಪೆಟ್ಟಿಗೆ ಕೊಡಿಸುತ್ತೇವೆಂದು ಬಂದವರನ್ನೂ ಇವಳು ಒಪ್ಪಲಿಲ್ಲ. ‘ದುಮ್ಮವಾಡದಾಗ ಎದ್ದಿತಂದ್ರ ಜಗತ್ತಿನಾಗ ಎಲ್ಲಿದ್ರೂ ಏಳ್ತದ’ ಎಂಬುದು ಈಕೆಯ ಸಿದ್ಧಾಂತ.

ಇನ್ನು ನಾನು. ಸಂಪದಾ, ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ನರ್ಸು ‘ಮೈಮೇಲಿನ ಒಡವೆ ಎಲ್ಲ ತೆಗೀರಿ’ ಎಂದಳು. ನೀನು ಬಳೆ, ಬೆಂಡೋಲೆ, ಮಂಗಳಸೂತ್ರ ತೆಗೆದುಕೊಟ್ಟೆ. ಕೊನೆಗೆ ಕೊರಳ ದಾರದಲ್ಲಿದ್ದ ಬೆರಳುದ್ದದ ಆ ಕೀಲಿಯನ್ನೂ ನನ್ನ ಅಂಗೈಯಲ್ಲಿಟ್ಟೆ. ಅದನ್ನು ಕಂಪ್ಯೂಟರಿಗೆ ಚುಚ್ಚಿ ಒತ್ತಿದರೆ ಸಾಕು, ಒತ್ತಿದವರು ಸಂಪದಾ ಎಂದೇ ಜಗತ್ತು ನಂಬುತ್ತದೆ. ರಜೆಯ ಸೂಚನೆ ಹಾಕಲಿಕ್ಕೆಂದು ಅದರ ಪಿನ್ ನಂಬರನ್ನೂ ನೀನೇ ಹೇಳಿದೆ. ‘ಸಂಪದಾ ಕಣ್ಣಿನ ಆಪರೇಷನ್ ಆಗಿ ಮಲಗ್ಯಾಳ ಅಂತ ಒಂದ ಸಾಲ ಬರೀರಿ, ಸುಮ್ಮನ ಕೂಡ್ರಿ. ಒಳಗ ಏನೂ ಬಿಡಬ್ಯಾಡ್ರಿ.’ ಬರೆಯುವುದು ನನಗೆ ಸುಲಭ. ಸುಮ್ಮನೆ ಕೂಡುವುದರ ಅಭ್ಯಾಸವಿಲ್ಲ, ನಿನಗೆ ಗೊತ್ತು.

ಕಳೆದ ಶನಿವಾರ ಮಧ್ಯಾಹ್ನ ನವಲಗುಂದದಿಂದ ಇಲಿಯಾಸ್ ಬಂದ. ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾನಲ್ಲ, ಮಷಿನ್ನು ಕೂಗಿದ ಮೇಲೆ ಉತ್ತರಕ್ಕೆ ಕಾಯುವ ಹೊತ್ತನ್ನು ಕಡಿಮೆ ಮಾಡುವ ತಿದ್ದುಪಡಿಯನ್ನು ಒಂದು ವರ್ಷದಿಂದ ಕಳಿಸುತ್ತಿರುವವನು, ಪ್ರತಿ ಸಲವೂ ‘ನಿಧಾನದ ಸ್ವಿಚ್ಚಿನ ಮೇಲೆ ನೋಡಿದಿರಾ?’ ಎಂಬ ನಿನ್ನ ಒಂದೇ ಸಾಲು ಪಡೆದು ಹಿಂದಿರುಗುವವನು, ಅವನೇ. ಇಷ್ಟು ದಿನ ಅವನ ಮುಖವನ್ನೇ ನೋಡಿರಲಿಲ್ಲ. ತೊಯ್ಸಿಕೊಂಡು ಗಾಡಿ ಮೇಲೆ ಬಂದು, ‘ಮೇಡಂ ಅವರ ಕಣ್ಣಿನ ಸುದ್ದಿ ಓದಿ ಮನಸಿಗೆ ಭಾಳ ಕೆಟ್ಟನಸ್ತ್ರಿ. ಮಾತಾಡ್ಸಿಕೊಂಡ ಬರೂಣು ಅಂತ ಬಂದೆ’ ಎಂದು, ಬಗಲಲ್ಲಿದ್ದ ಜಮಖಾನೆ ಬಿಚ್ಚಿದ. ‘ನಮ್ಮ ಮನ್ಯಾಗ ನೇಯ್ದದ್ರಿ. ಬೋರಲ ಮಲಗೂ ಮಂದಿಗೆ ಮೆತ್ತಗ ಏನರೆ ಬೇಕಾಗತೈತಿ.’ ಅದನ್ನು ಈ ಪತ್ರದ ಜೊತೆ ಕಳಿಸಿದ್ದೇನೆ; ಹೊಸ ಬಣ್ಣ, ನೀರು ಮುಟ್ಟಿಸಬೇಡಿ.

ಮೊದಲ ಸಲ ಮನೆಗೆ ಬಂದವನು, ಅದೂ ಇಂಥ ಉಡುಗೊರೆ ಹಿಡಿದುಕೊಂಡು. ಚಹಾ, ಅವಲಕ್ಕಿ ಆಯಿತು. ಹೊರಡುವವನನ್ನು ಬರಿಗೈಲಿ ಕಳಿಸುವುದು ಹೇಗೆ? ಒಂದು ತೆಂಗಿನಕಾಯಿ, ಒಂದು ಟಾವೆಲ್ಲಾದರೂ ಕೊಡಬೇಡವೆ? ದೇವರ ಮನೆ ನೋಡಿದೆ, ಕಾಯಿ ಇರಲಿಲ್ಲ. ಟಾವೆಲ್ಲು ಇಡುವ ಜಾಗ ಈ ಭೂಮಿಯ ಮೇಲೆ ನಿನಗೊಬ್ಬಳಿಗೇ ಗೊತ್ತು. ಟ್ರಂಕು ತೆಗೆದೆ, ಅಲ್ಲಿ ಬರೀ ಹಳೇ ಪರದೆ. ಆ ಪರದೆಯನ್ನು ಅವನ ಹೆಗಲಿಗೆ ಹಾಕಿದ್ದರೂ ಇಂದು ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಔದಾರ್ಯದ ಪಿತ್ತ ನೆತ್ತಿಗೇರಿತ್ತು. ಕರ್ಣನೂ ನಾಚುವಂತೆ ‘ಕೂಡೋ ಇಲಿಯಾಸ್, ನಿಂದು ಇವತ್ತ ಒಳಗ ಬಿಟ್ಟಬಿಡ್ತೀನಿ’ ಎಂದುಬಿಟ್ಟೆ. ಪಾಪ, ಆತ ಎದ್ದೇ ನಿಂತ. ‘ಬ್ಯಾಡ್ರಿ ಸರ. ಮೇಡಂ ಎದ್ದ ಮ್ಯಾಲೆ ದುಮ್ಮವಾಡದಾಗ ನೋಡ್ಲಿ. ನಂದೇನ ಅವಸರಿಲ್ಲ.’ ಅವಸರ ಅವನಿಗಿರಲಿಲ್ಲ, ದಾನಶೂರನಿಗಿತ್ತು. ಕೀಲಿ ಚುಚ್ಚಿದೆ, ಒತ್ತಿದೆ. ಅಂದು ಸಂಜೆಯೇ ಅದು ಎಲ್ಲ ದೇಶಗಳಿಗೆ ಹೊರಟಿತು, ನಿನ್ನ ಹೆಸರಿನಲ್ಲಿ.

(ಅತ್ತೆಯವರೇ, ನಿಲ್ಲಬೇಡಿ, ಓದಿ.)

ಸೋಮವಾರ ಬೆಳಿಗ್ಗೆ ದುಮ್ಮವಾಡದ ಸಾಲಿಯಿಂದ ಮುಸರತ್ ಟೀಚರ ಫೋನು. ‘ಸರ, ಎಲ್ಲಾ ಮಷಿನ್ ಕರ್ರಗ ನಿಂತಾವ್ರಿ. ವಿಳಾಸ ಸಿಗವಲ್ದು ಅನ್ನಾಕತ್ತಾವು. ಮೇಡಂಗ ಹೇಳಬ್ಯಾಡ್ರಿ ಮತ್ತ, ಎದ್ದಗಿದ್ದ ಬಂದಾರು.’ ಬಸ್ಸು ಹಿಡಿದು ಹೋದೆ. ಆಗಿದ್ದು ಇಷ್ಟೇ: ಮಷಿನ್ನುಗಳು ಮೊದಲಿನಂತೆ ತಾಳ್ಮೆಯಿಂದ ಕೂಗುವುದನ್ನು ಬಿಟ್ಟು, ಎರಡು ಸಲ ಕರೆದು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಮುನಿಸಿಕೊಂಡು ಕೂಡುತ್ತಿದ್ದವು, ಆ ಮುದಿ ಪೆಟ್ಟಿಗೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ನೀನು ವರ್ಷವಿಡೀ ಕೇಳುತ್ತಿದ್ದುದು ಇದನ್ನೇ. ಅಲ್ಲೇ ಕೂತು ಇಲಿಯಾಸನ ತಿದ್ದುಪಡಿಯನ್ನು ಹೊರಗೆ ತೆಗೆದೆ. ಈ ಸಲ ಮೊದಲು ಆ ಸಾಲಿಯಲ್ಲೇ ಓಡಿಸಿ, ಮಷಿನ್ನುಗಳು ಒಂದೊಂದಾಗಿ ಏಳುವುದನ್ನು ಕಣ್ಣಾರೆ ಕಂಡು, ಆಮೇಲೆ ಆ ಹಳೆಯ ರೂಪವನ್ನೇ ಎಲ್ಲರಿಗೂ ಕಳಿಸಿದೆ. ಅದಕ್ಕೂ ನಿನ್ನ ಕೀಲಿಯೇ, ಬೇರೆ ಎಲ್ಲಿಂದ ತರಲಿ? ಮುಸರತ್ ನಿಟ್ಟುಸಿರು ಬಿಟ್ಟು ‘ಮೇಡಂ ಹಿಂತಾದ ಯಾಕ ಮಾಡಿದ್ರರಿ ಸರ? ಅವರು ಹಂಗ ಬಿಡೂ ಪೈಕಿ ಅಲ್ಲಲ್ಲ’ ಎಂದಳು. ನಾನು ಮೇಷ್ಟರ ಗಂಭೀರ ಮುಖ ಮಾಡಿ ‘ಏನೋ, ಗಡಬಡ್ಯಾಗ ಆಗಿರಬೇಕು’ ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಕ್ಷಣದಲ್ಲಿ ನಾನು ನಿಂತಿದ್ದ ಫರಸಿಕಲ್ಲು ಸೀಳಿ ನನ್ನನ್ನು ಒಳಗೆ ಕರೆದುಕೊಳ್ಳಬೇಕಿತ್ತು. ಸರಕಾರಿ ಕಟ್ಟಡ, ಕಲ್ಲು ಗಟ್ಟಿಯಾಗಿತ್ತು.

ಊರಿಗೆ ಬಂದು, ನಿನ್ನ ಜೊತೆ ಬಾಗಿಲು ಕಾಯುವವರ ಪತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿದೆ. ಮಷಿನ್ನು ಏಳದೆ ಎಲ್ಲೋ ಒಂದು ದೇಶದ ಗ್ರಂಥಾಲಯ ಅರ್ಧ ದಿನ ಮುಚ್ಚಿತ್ತಂತೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಯಾರೂ ಬೈದಿಲ್ಲ. ‘ಸಂಪದಾ ಹೀಗೆ ಮಾಡುವವರಲ್ಲ. ಕಣ್ಣು ಸರಿಯಾಗಿ ಕಾಣದೆ ಒತ್ತಿರಬೇಕು, ಪಾಪ’ ಎಂದು ಒಬ್ಬರು. ‘ಪರೀಕ್ಷೆ ಮಾಡದೆ ಏನನ್ನೂ ಬಿಡದಿದ್ದ ಒಬ್ಬರೇ ಒಬ್ಬರು ಅವರು’ ಎಂದು ಇನ್ನೊಬ್ಬರು. ಎಲ್ಲರಿಗಿಂತ ಹಿರಿಯರೊಬ್ಬರು ‘ಅವರಿಗೆ ಈ ಹೊರೆ ಇಳಿಸುವ ಕಾಲ ಬಂತೇನೋ, ಮೆತ್ತಗೆ ಕೇಳಿ ನೋಡೋಣ’ ಎಂದು. ಕರುಣೆ ಇಷ್ಟು ಚುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ನಾನು ಏನು ಮಾಡಿದೆ? ನಿನ್ನ ಹೆಸರಿನಲ್ಲೇ ‘ಧನ್ಯವಾದ, ವಿಶ್ರಾಂತಿಯಲ್ಲಿದ್ದೇನೆ’ ಎಂದು ಉತ್ತರ ಬರೆದೆ. ನೀನು ಮಾಡದ ತಪ್ಪನ್ನು, ನೀನು ಆಡದ ಮಾತಿನಲ್ಲಿ, ನಾನೇ ಒಪ್ಪಿಕೊಂಡೆ. ಇಲಿಯಾಸ್ ನಿನ್ನೆ ಫೋನು ಮಾಡಿ ‘ತಪ್ಪ ನಂದ ಅಂತ ಬರೀತೀನ್ರಿ ಸರ, ಮೇಡಂ ಹೆಸರ ಕೆಡಬಾರ್ದು’ ಎಂದ. ಬೇಡವೆಂದು ಬೈದು ಇಟ್ಟೆ. ಅಂದೇ ‘ಬ್ಯಾಡ್ರಿ’ ಎಂದು ತಡೆದವನು ಪಾಪ ಅವನು. ಅವನ ಹೆಗಲಿಗೆ ಇದನ್ನು ಹಾಕಿದರೆ ನಾನು ಮನುಷ್ಯನೆ?

ಈಗ ದಾರಿ ಎರಡು. ಸುಮ್ಮನಿದ್ದರೆ, ಬಾಗಿಲಲ್ಲಿ ಕೂತು ಅಷ್ಟು ವರ್ಷ ಗಳಿಸಿದ ನಿನ್ನ ಹೆಸರು ‘ಕಣ್ಣು ಕಾಣದ ಪಾಪದವಳು’ ಎಂದಾಗುತ್ತದೆ. ಒತ್ತಿದವನು ನಾನು ಎಂದು ಹೇಳಿದರೆ, ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟ ತಪ್ಪು ನಿನ್ನದಾಗುತ್ತದೆ. ನಿಮ್ಮ ನಿಯಮದಲ್ಲಿ ಅದಕ್ಕೆ ಕ್ಷಮೆಯಿಲ್ಲ, ಕೀಲಿ ರದ್ದು. ಒಂದರಲ್ಲಿ ನಿನ್ನ ಹೆಸರು ಹೋಗುತ್ತದೆ, ಇನ್ನೊಂದರಲ್ಲಿ ನಿನ್ನ ಜಾಗ. ಎರಡರಲ್ಲೂ ನಾನು ಮಾತ್ರ ಆರಾಮಾಗಿ ಉಂಡು ಮಲಗುತ್ತೇನೆ. ಯಾವುದು ಎಂದು ನೀನೇ ಹೇಳಬೇಕು. ನಿನ್ನ ಪರವಾಗಿ ತೀರ್ಮಾನ ಮಾಡುವ ಚಟ ನನಗೆ ಸಾಕಾಗಿದೆ.

ಅತ್ತೆಯವರಿಗೆ ಸಾಷ್ಟಾಂಗ ನಮಸ್ಕಾರ. ನಿನ್ನ ಕಣ್ಣಿನ ಬೆಳಕು ತಿರುಗಿ ಬರಲಿ; ಇದು ಆಶೀರ್ವಾದವಲ್ಲ, ಬೇಡಿಕೆ.

ನಿನ್ನ,
ವಿಕ್ರಮ

ತಾ. ಕ.: ಸಂಪದಾ, ಮೇಲಿನದೆಲ್ಲ ಮಧ್ಯಾಹ್ನ ಬರೆದದ್ದು. ಈ ಪತ್ರ ಒಯ್ಯಬೇಕಾದ, ಮಿಶ್ರಿಕೋಟಿಗೆ ಹೊರಟಿದ್ದ ಅಮೋಘಸಿದ್ದಪ್ಪನ ಟೆಂಪೋ ಬರುವುದು ತಡವಾಯಿತು, ಅಷ್ಟರಲ್ಲಿ ಆ ಹಿರಿಯರ ಇನ್ನೊಂದು ಪತ್ರ ಬಂತು. ನಿನಗೊಂದು ಬೀಳ್ಕೊಡುಗೆಯ ಒಕ್ಕಣೆ ಬರೆದು, ಸರಿಯಿದೆಯೇ ನೋಡಿ ಎಂದು ಎಲ್ಲರಿಗೂ ಕಳಿಸಿದ್ದರು. ಬಹಳ ಚೆನ್ನಾಗಿತ್ತು; ಸತ್ತವರ ಬಗ್ಗೆ ಬರೆದಷ್ಟು ಚೆನ್ನಾಗಿತ್ತು. ನನಗೆ ತಡೆಯಲಾಗಲಿಲ್ಲ. ನನ್ನ ಸ್ವಂತ ಹೆಸರಿನಲ್ಲಿ ಎಲ್ಲವನ್ನೂ ಬರೆದು ಕಳಿಸಿಬಿಟ್ಟೆ. ಒತ್ತಿದ್ದು, ಧನ್ಯವಾದ ಹೇಳಿದ್ದು, ಎಲ್ಲ. ನಿನ್ನನ್ನು ಕೇಳಲಿಲ್ಲ, ಇದೂ ತಪ್ಪೇ. ನಿನ್ನ ಕೀಲಿ ರದ್ದಾಗಿದೆ. ಅಮೋಘಸಿದ್ದಪ್ಪ ಹೊರಗೆ ಹಾರ್ನ್ ಬಾರಿಸುತ್ತ ‘ಬರ್ರಿ ಲಗೂನ, ಮಳಿ ಬಂತು’ ಎನ್ನುತ್ತಿದ್ದಾನೆ. ಬೀಳ್ಕೊಡುಗೆಯನ್ನು ಆ ಹಿರಿಯರು ಹಿಂತೆಗೆದುಕೊಂಡಿದ್ದಾರೆ. ಹೊಸ ಕೀಲಿ ಕೊಡುವ ಮುಂಚೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕಂತೆ, ನೀನು ಎದ್ದ ಮೇಲೆ ಹೇಳಿದರೂ ಸಾಕಂತೆ: ‘ಆತನ ಕೈಗೆ ಯಾಕೆ ಕೊಟ್ಟಿರಿ?’ ಅದರ ಕೆಳಗೆ ಜಾಗ ಖಾಲಿ ಇದೆ. ನಾನು ಏನೂ ಬರೆದಿಲ್ಲ.