ಪರೀಕ್ಷೆಗೆ ಮುಂಚಿನ ಚಪಾತಿ

ಜುಲೈ ೧೪, ಸೋಮವಾರ

ಮಗಳು ಮೋನಿಷಾಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ. ಐರನ್ ಮಾತ್ರೆ ನುಂಗಿದರೂ ರಕ್ತ ಮಾತ್ರ ಏರುತ್ತಿಲ್ಲ. ಸೀಲಿಯಾಕ್ ಅನ್ನೋ ಕಾಯಿಲೆ ಇರಬಹುದು, ಗೋಧಿಯೇ ಕರುಳನ್ನು ಕೆಡಿಸುತ್ತಿರಬಹುದು ಎಂದರು ಹೆಬ್ಬಾಳದ ಡಾಕ್ಟರು. ಹೊಟ್ಟೆಗೆ ಏನೂ ಆಗದೆಯೂ ಅದು ಇರುತ್ತದಂತೆ.

ರಕ್ತವಾಗಲಿ ಎಂದು ಅತ್ತೆ ಚಪಾತಿ, ಬಿಸ್ಕತ್ತು ಬಿಡಿಸಿ ಎರಡು ಹೊತ್ತೂ ಮುದ್ದೆ ಕೊಡುತ್ತಿರುವುದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಗೋಧಿ ಬಿಟ್ಟಿದ್ರೆ ಕಾಯಿಲೆ ಇದ್ರೂ ಟೆಸ್ಟಲ್ಲಿ ಗೊತ್ತಾಗಲ್ಲಮ್ಮ. ಕೆಲವು ವಾರ ದಿನಾ ಚಪಾತಿ ಕೊಡಿ, ಆಮೇಲೆ ರಕ್ತ ತಗೊಳ್ಳೋಣ."

ಮಗಳಿಗೆ ಅದೇ ವಿಷವಾಗಿದ್ದರೆ?

ರಾತ್ರಿ ಮನೆಯಲ್ಲಿ ಚಪಾತಿ ಮಾಡಿದೆ. "ನೀನೇ ತಿನ್ನಿಸವ್ವ, ನನ್ ಕೈಲಾಗಲ್ಲ," ಎಂದು ಅತ್ತೆ ಎದ್ದುಹೋದರು. ಮೋನಿಷಾಳ ತಟ್ಟೆಗೆ ನಾನೇ ಒಂದು ಬಡಿಸಿದೆ. ಬಹಳ ದಿನದ ಮೇಲೆ ಚಪಾತಿ ಕಂಡ ಖುಷಿ ಅವಳಿಗೆ.

"ಅಮ್ಮಾ, ಇನ್ನೊಂದು ಹಾಕು."

ಹಾಕಿದೆ. ತುಪ್ಪ ಸವರಿ ಹಾಕಿದೆ.