ಕೊನೆಯ ಕರೆಯ ಕೊನೆಯ ಭಾಗ

ರಿಂಗಾಸ್ಕಿಡಿ, ಐರ್ಲೆಂಡ್
ಫೆಬ್ರವರಿ 2021

ಭಯೋತ್ಪಾದನಾ ನಿಗ್ರಹ ಪ್ರಾಸಿಕ್ಯೂಟರ್ ಮದಾಮ್ ಕ್ಲೆರ್ವೊ ಅವರಿಗೆ, ನಿಮ್ಮೂರಿನ ರೈಲು ನಿಲ್ದಾಣದ ದಾಳಿಯಲ್ಲಿ ತೀರಿಕೊಂಡ ವೇದಾವತಿಯ ಗಂಡ ಮಾಡುವ ನಮಸ್ಕಾರ.

ನನ್ನ ಭಾಷೆಯಲ್ಲೇ ಬರೆಯಬಹುದೆಂದು ನಿಮ್ಮ ಕಚೇರಿ ತಿಳಿಸಿತು. ಈ ಕೊರೊನಾ ಕಾಲದಲ್ಲಿ ವಿಚಾರಣೆಗೆ ಬರೋಣವೆಂದರೆ ವಿಮಾನವಿಲ್ಲ, ಬಾರದಿರೋಣವೆಂದರೆ ಸಮಾಧಾನವಿಲ್ಲ. ಈ ಮಾತಿನ ಪ್ರಾಸವನ್ನು ಅನುವಾದಕರು ಬಿಟ್ಟುಬಿಡಲಿ. ನಾನೂ ಮಗಳು ಕೃತಿಯೂ ಮನೆಯಿಂದಲೇ ವಿಡಿಯೋದಲ್ಲಿ ನೋಡುತ್ತೇವೆ.

ನಿವೃತ್ತಿಗೆ ಮುನ್ನ ಇದು ನಿಮ್ಮ ಕೊನೆಯ ಮೊಕದ್ದಮೆಯಂತೆ. ಇಷ್ಟು ವರ್ಷ ಇಂಥವನ್ನೇ ಕೇಳಿದ ಕಿವಿಗೆ ವಿಶ್ರಾಂತಿ ಸಿಗಲಿ. ವೇದಾ ಪೊಲೀಸರಿಗೆ ಮಾಡಿದ ಕರೆ ನಿಮ್ಮ ಬಲವಾದ ಸಾಕ್ಷ್ಯವೆಂದು ಬಲ್ಲೆ. ಆದರೂ ಅದರ ಕೊನೆಯ ಭಾಗವನ್ನು ಕೋರ್ಟಿನಲ್ಲಿ ಕೇಳಿಸಬೇಡಿ. ದನಿ ಗುರುತಿಸಲೆಂದು ನೀವು ನನಗೆ ಕೇಳಿಸಿದ್ದು ಅದನ್ನೇ. ಅಲ್ಲಿ ಅವಳು ನರಳುತ್ತ, ಕನ್ನಡದಲ್ಲಿ ಮಗಳನ್ನು ಕರೆಯುತ್ತಾಳೆ. ನ್ಯಾಯಾಧೀಶರು ಅನುವಾದ ಓದಿಕೊಳ್ಳಬಹುದು. ಕೃತಿ ಮಾತಾಡುವುದು ಇಲ್ಲಿಯವರ ಇಂಗ್ಲಿಷಿನಲ್ಲಾದರೂ ಅವಳಿಗೆ ಅನುವಾದ ಬೇಕಿಲ್ಲ.

ಅಮ್ಮನಿಗೆ ನೋವಾಯಿತೇ ಎಂದು ಅವಳು ಕೇಳಿದಾಗಲೆಲ್ಲ, ‘ಇಲ್ಲ ಪುಟ್ಟಾ, ಅವಳಿಗೆ ಗೊತ್ತೇ ಆಗ್ಲಿಲ್ಲ’ ಅಂದಿದ್ದೇನೆ.

ಕೇಳಿಸಲೇಬೇಕೆಂದಾದರೆ ಹಿಂದಿನ ದಿನ ನನಗೊಂದು ಮಾತು ತಿಳಿಸಿ. ಮಾರನೆಯ ದಿನ ನಮ್ಮ ಮನೆಯ ಇಂಟರ್ನೆಟ್ ಕೈಕೊಡುತ್ತದೆ.

ನಿಮ್ಮ ಉತ್ತರಕ್ಕೆ ಕಾದಿರುವ,
ಗುರುಪ್ರಸಾದ